ದುಡ್ಡು ಕೊಟ್ಟವನೇ ಕಳ್ಳನಾ?

"ಸರ್, ಆಪ್‌ಕಾ ಡಿಸ್ಕ್ ದೂಸ್ರೆ ರೀಜನ್ ಕಾ ಹೈ." ಇಷ್ಟು ಹೇಳಿ ಕಸ್ಟಮರ್ ಕೇರ್ ಹುಡುಗ ಫೋನ್ ಇಟ್ಟ. ವರ್ಷಗಳಾದರೂ ಆ ಮಾತು ನೆನೆದಾಗೆಲ್ಲ ಮೈ ಉರಿಯುತ್ತೆ.

ಕಥೆ ಇಷ್ಟೇ. 2018ರ ದೀಪಾವಳಿಗೆ ನ್ಯೂಜೆರ್ಸಿಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದ ತಂಗಿ, ನನ್ನ ಮಗನಿಗೆ ಅಂತ ಒಂದು ವಿಡಿಯೋ ಗೇಮ್ ಡಿಸ್ಕ್ ತಂದಿದ್ದಳು. ಅಸಲಿ ಮಾಲು, ಅಲ್ಲಿನ ಅಂಗಡಿಯಲ್ಲಿ 60 ಡಾಲರ್ ಕೊಟ್ಟು ತಂದದ್ದು. ಆಟ ಚೆನ್ನಾಗಿಯೇ ಓಡ್ತು. ಕೆಲವು ತಿಂಗಳಾದ ಮೇಲೆ ಅದಕ್ಕೆ ಹೆಚ್ಚುವರಿ ಭಾಗ ಬಂತು. ಮಗ ಕೂಡಿಟ್ಟಿದ್ದ 1,200 ರೂಪಾಯಿ ತಂದು ನನ್ನ ಕೈಗಿಟ್ಟ. ನಾನು ಕಾರ್ಡಿನಲ್ಲಿ ಕಟ್ಟಿ ಡೌನ್‌ಲೋಡ್ ಮಾಡಿಕೊಟ್ಟೆ. ಇಳಿಯಿತು, ಆದ್ರೆ ಆಟಕ್ಕೆ ಸೇರಲಿಲ್ಲ. ಡಿಸ್ಕ್ ಅಮೆರಿಕದ್ದಂತೆ, ನಮ್ಮ ಅಕೌಂಟ್ ಇಂಡಿಯಾದ್ದಂತೆ! ದುಡ್ಡು ವಾಪಸ್ ಕೊಡಿ ಅಂದ್ರೆ, ಡೌನ್‌ಲೋಡ್ ಆದದ್ದಕ್ಕೆ ರಿಫಂಡ್ ಇಲ್ಲ.

"ಪಪ್ಪಾ, ಅತ್ತೆ ಡುಪ್ಲಿಕೇಟ್ ತಂದ್ರಾ?" ಅಂತ ಕೇಳಿದ ಮಗ.

ಏನು ಹೇಳಲಿ ಹೇಳಿ. ಪೂರ್ತಿ ದುಡ್ಡು ಕೊಟ್ಟು ತಂದವಳು ಮಗುವಿನ ಕಣ್ಣಲ್ಲಿ ಡುಪ್ಲಿಕೇಟ್ ತಂದವಳಾದಳು.

ಸರಿ, ಇಲ್ಲೇ ಅಂಗಡಿಯಲ್ಲಿ ತಗೊಳ್ಳೋಣ ಅಂತ ಒಂದು ಮಾಲ್‌ಗೆ ಕರ್ಕೊಂಡು ಹೋದೆ. ಕಪಾಟಿನ ತುಂಬ ಕ್ರಿಕೆಟ್ಟು, ಫುಟ್ಬಾಲು, ಕಾರ್ ರೇಸು. ನಮಗೆ ಬೇಕಾದದ್ದು ಇಲ್ಲ. "ಆರ್ಡರ್ ಹಾಕಿ, ಅಡ್ವಾನ್ಸ್ ಕೊಡಿ, ಯಾವಾಗ ಬರುತ್ತೆ ಗೊತ್ತಿಲ್ಲ." ಮಗ ಬೇರೆ ಇನ್ನೊಂದು ಆರಿಸಿದ. ಇದು ನಮ್ಮ ಮಷಿನ್‌ನಲ್ಲಿ ಸರಿಯಾಗಿ ಓಡುತ್ತಾ ಅಂತ ಕೇಳಿದೆ. "ಓಡಬೇಕು ಸರ್. ಸೀಲ್ ಒಡೆದ್ರೆ ವಾಪಸ್ ಇಲ್ಲ." ಸೀಲ್ ಒಡೆಯದೆ ಓಡುತ್ತೋ ಇಲ್ವೋ ಅಂತ ನೋಡೋದು ಹೇಗೆ ಸ್ವಾಮಿ?

ನನಗೆ ಆಗ ಪ್ಲೇಸ್ಟೇಷನ್ 2ರ ಕಾಲ ನೆನಪಾಯ್ತು. ಲ್ಯಾಮಿಂಗ್ಟನ್ ರೋಡ್ ಕಡೆ ಹೋದವರಿಗೆ ಗೊತ್ತಿರುತ್ತೆ, ಮಷಿನ್ ಕೇಳಿದ್ರೆ ಮೊದಲ ಪ್ರಶ್ನೆಯೇ "ಚಿಪ್ ಹಾಕಿದ್ದು ಬೇಕಾ?" ಚಿಪ್ ಹಾಕಿದ್ರೆ ಯಾವ ದೇಶದ ಡಿಸ್ಕಾದರೂ ಓಡುತ್ತೆ, ನಕಲಿಯೂ ಓಡುತ್ತೆ. ಓಡಲಿಲ್ಲ ಅಂದ್ರೆ ಆ ಅಂಗಡಿಯವ ಮರುಮಾತಿಲ್ಲದೆ ಬದಲಿಸಿ ಕೊಡುತ್ತಿದ್ದ. ಕಳ್ಳಮಾಲು ಮಾರುವವ ಗಿರಾಕಿಯನ್ನು ಗಿರಾಕಿ ಥರ ನೋಡಿದ. ಬಿಲ್ ಕೊಡುವವ ನಮ್ಮನ್ನೇ ಕಳ್ಳನ ಥರ ನೋಡ್ತಾನೆ. ಪೈರಸಿ ಸರಿ ಅಂತ ನಾನು ಹೇಳ್ತಾ ಇಲ್ಲ. ಅದು ಯಾಕೆ ಬೆಳೀತು ಅಂತ ಕೇಳ್ತಾ ಇದ್ದೀನಿ.

ಈ ರೀಜನ್ ಬೀಗಕ್ಕೆ ಆಗ ಒಂದು ನೆಪವಾದರೂ ಇತ್ತು. ನಮ್ಮ ಟಿವಿ ಪಾಲ್, ಅಮೆರಿಕದ್ದು ಎನ್‌ಟಿಎಸ್‌ಸಿ, ಹೊಂದೋದಿಲ್ಲ ಅನ್ನಬಹುದಿತ್ತು. ಆದರೆ ನಿಂಟೆಂಡೋ 2011ರಲ್ಲಿ ತಂದ 3ಡಿಎಸ್ ನೋಡಿ. ಕೈಯಲ್ಲಿ ಹಿಡಿದು ಆಡುವ ಮಷಿನ್, ಪರದೆ ಅದರಲ್ಲೇ ಇದೆ, ಟಿವಿಯ ಗೊಡವೆಯೇ ಇಲ್ಲ. ಅದಕ್ಕೂ ಬೀಗ! ಅದಕ್ಕಿಂತ ಮೊದಲು, 2004ರಲ್ಲಿ ಬಂದ ಡಿಎಸ್‌ನ ಆಟಗಳಿಗೆ ಈ ಬೀಗ ಇರಲಿಲ್ಲ. 2017ರ ಸ್ವಿಚ್ ಬಂದಾಗ ಬೀಗ ಮತ್ತೆ ತೆಗೆದರು. ಹಾಗಾದ್ರೆ ಇದು ತಂತ್ರಜ್ಞಾನದ ಕಷ್ಟ ಅಲ್ಲ, ಬೇಕಂತಲೇ ಹಾಕಿದ್ದು.

"ಬಡದೇಶದಲ್ಲಿ ಕಮ್ಮಿ ಬೆಲೆಗೆ ಮಾರೋಕೆ ಬೀಗ ಬೇಕು, ಇಲ್ಲಾಂದ್ರೆ ಎಲ್ಲರೂ ಅಲ್ಲಿಂದಲೇ ತರಿಸಿಕೊಳ್ತಾರೆ" ಅಂತ ಒಂದು ವಾದ ಇದೆ. ಕೇಳೋಕೆ ಚೆನ್ನಾಗಿದೆ. ನಿಜವಾಗಿ ಕಮ್ಮಿಗೆ ಕೊಟ್ಟಿದ್ರೆ ಒಪ್ಪಬಹುದಿತ್ತು. ಪ್ಲೇಸ್ಟೇಷನ್ 5 ಅಮೆರಿಕದಲ್ಲಿ 2020ರ ನವೆಂಬರಿನಲ್ಲಿ 499 ಡಾಲರಿಗೆ ಬಂತು. ಆಗಿನ ಲೆಕ್ಕದಲ್ಲಿ ಸುಮಾರು 36,500 ರೂಪಾಯಿ, ಅಲ್ಲಿನ ತೆರಿಗೆ ಬೇರೆ. ನಮಗೆ ಬಂದದ್ದು 2021ರ ಫೆಬ್ರವರಿ 2ಕ್ಕೆ, 49,990 ರೂಪಾಯಿಗೆ. ಅದೂ ಮುಂಗಡ ಬುಕಿಂಗ್ ನಿಮಿಷಗಳಲ್ಲೇ ಖಾಲಿ. ಹೊಸ ಆಟಗಳು ಆಗ ಅಲ್ಲಿ 70 ಡಾಲರ್, ಇಲ್ಲಿ 4,999. ಹೆಚ್ಚುಕಮ್ಮಿ ಒಂದೇ. ಸಂಬಳ ಒಂದೇನಾ? ಸ್ವಿಚ್ ಅಂತೂ 2017ರಲ್ಲಿ ಬಂದಾಗ ಇಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ಬೇಕಾದವರು ಹೊರಗಿನಿಂದ ಬಂದ ಮಾಲನ್ನೇ ಕೊಂಡರು, ವಾರಂಟಿ ದೇವರ ಕೈಯಲ್ಲಿ.

ಇನ್ನು ನಮ್ಮ ಸರ್ಕಾರ. ವಿಡಿಯೋ ಗೇಮ್ ಮಷಿನ್ನಿಗೆ 2017ರಲ್ಲಿ 28% ಜಿಎಸ್‌ಟಿ ಹಾಕಿ, 2019ರ ಜನವರಿಯಿಂದ 18%ಕ್ಕೆ ಇಳಿಸಿದ್ದು ಸಂತೋಷ. ಆದ್ರೆ ಅದೇ 2019ರ ಡಿಸೆಂಬರಿನಲ್ಲಿ, ಹೊರದೇಶದಿಂದ ಅಂಚೆ-ಕೊರಿಯರಿನಲ್ಲಿ ಬರುವ 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ಸುಂಕ ವಿನಾಯಿತಿಯನ್ನು ಕಿತ್ತು ಹಾಕಿದರು. ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ. 2021ರ ಹೊತ್ತಿಗೆ ಇಂಥ ಪಾರ್ಸೆಲ್ ಮೇಲೆ ಎಲ್ಲ ಸೇರಿ ಸುಮಾರು 77% ಸುಂಕ. ಅಂದ್ರೆ 4,400 ರೂಪಾಯಿಯ ಆಟ ಮನೆ ಬಾಗಿಲಿಗೆ ಬರುವಾಗ 7,800. ಅದೇ ಡಿಸ್ಕನ್ನು ತಂಗಿ ಸೂಟ್‌ಕೇಸಿನಲ್ಲಿ ಚಕ್ಕುಲಿ ಡಬ್ಬಿಯ ಜಾಗದಲ್ಲಿ ಇಟ್ಟುಕೊಂಡು ಬಂದಿದ್ರೆ? ಆಗಿನ ಬ್ಯಾಗೇಜ್ ನಿಯಮದ 50,000 ರೂಪಾಯಿ ಮಿತಿಯೊಳಗೆ ಸುಂಕ ಸೊನ್ನೆ. ವಿಮಾನದಲ್ಲಿ ಓಡಾಡುವ ನೆಂಟರು ಇದ್ದವನಿಗೆ ಒಂದು ರೇಟು, ಇಲ್ಲದವನಿಗೆ ಇನ್ನೊಂದು.

ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ಯಾವ ಸಾಮಾನು ಒಂದೇ ಊರಿನದು ಹೇಳಿ. ಕಾಫಿಪುಡಿ ಚಿಕ್ಕಮಗಳೂರಿನದು, ಗಡಿಯಾರ ಭಾವ ದುಬೈಯಿಂದ ತಂದದ್ದು, ಪ್ರೆಶರ್ ಕುಕ್ಕರ್ ಇಲ್ಲಿನದು. ಯಾವುದೂ "ನಿನ್ನ ರೀಜನ್ ಯಾವುದು" ಅಂತ ಕೇಳಿಲ್ಲ. ಕನ್ನಡ ಪುಸ್ತಕ ಬೆಂಗಳೂರಲ್ಲಿ ತಗೊಂಡು ಲೋಕಲ್ ಟ್ರೇನಲ್ಲಿ ತೆರೆದ್ರೆ ಅಕ್ಷರ ಅಳಿಸಿ ಹೋಗುತ್ತಾ? ಆಟದ ಡಿಸ್ಕಿಗೆ ಮಾತ್ರ ಯಾಕೆ ಈ ಸೊಕ್ಕು?

ನಾನು ಕೇಳೋದು ಪುಕ್ಕಟೆ ಅಲ್ಲ. ಬೀಗ ಇದ್ರೆ ಡಬ್ಬದ ಮೇಲೆ, ದುಡ್ಡು ತಗೊಳ್ಳೋ ಪುಟದ ಮೇಲೆ ದಪ್ಪಕ್ಷರದಲ್ಲಿ ಬರೀರಿ. ಹೊಂದದೇ ಇದ್ರೆ ದುಡ್ಡು ವಾಪಸ್ ಕೊಡಿ. ದುಡ್ಡು ಕೊಟ್ಟವನ ಸಾಮಾನು ಅವನಿರುವಲ್ಲಿ ಓಡಲಿ.

ಅಂದಹಾಗೆ, ಮಗನ 1,200 ರೂಪಾಯಿ ನಾನೇ ತುಂಬಿಕೊಟ್ಟೆ. ಅವನು ತಗೊಂಡ. ಆದ್ರೆ ಅತ್ತೆ ಮುಂದಿನ ಸಲ ಬರುವಾಗ ಏನು ತರಲಿ ಅಂತ ಕೇಳಿದ್ದಕ್ಕೆ ಅವನಂದದ್ದು, "ಏನೂ ಬೇಡ ಅತ್ತೆ, ಇಲ್ಲಿ ನಡೆಯಲ್ಲ."