ಆರೋಗ್ಯ ಚಿಂತನ: ತುಸು ರಕ್ತವೂ ಎಚ್ಚರಿಕೆಯೇ

ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮನೆಯವರು ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. ಆಹಾರವನ್ನು ಅರಗಿಸುವ ಆ ಗ್ರಂಥಿಯ ರಸವು ಹೊಲಿಗೆಯ ಸಂದಿನಿಂದ ಸೋರಿದರೆ, ಸಮೀಪದ ಅಪಧಮನಿಯ ಗೋಡೆಯನ್ನೇ ಕೊರೆಯಬಲ್ಲದು. ಶಿಥಿಲವಾದ ಗೋಡೆಯು ಗುಳ್ಳೆಯಂತೆ ಉಬ್ಬಿ, ಕೆಲವು ದಿನ ಅಥವಾ ವಾರಗಳ ನಂತರ ಒಡೆಯುವುದುಂಟು. ಅದಕ್ಕೆ ಮುನ್ನ ಹಲವು ವೇಳೆ ಹೊಟ್ಟೆಗೆ ಇರಿಸಿದ ನಳಿಕೆಯಲ್ಲಿ ತುಸು ರಕ್ತ ಕಾಣುತ್ತದೆ. ಇಲ್ಲವೆ ರಕ್ತವಾಂತಿಯಾಗುತ್ತದೆ, ಮಲವು ಡಾಂಬರಿನಂತೆ ಕಪ್ಪಾಗುತ್ತದೆ. ತಾನಾಗಿಯೇ ನಿಂತಿತೆಂದು ಸುಮ್ಮನಿರಲಾಗದು. ಕೆಲವೇ ಗಂಟೆ ಅಥವಾ ದಿನಗಳಲ್ಲಿ ಪ್ರಾಣಾಂತಕ ರಕ್ತಸ್ರಾವವಾಗಬಹುದು. ಸಿ.ಟಿ. ಆಂಜಿಯೋಗ್ರಾಮ್ ಪರೀಕ್ಷೆಯಿಂದ ಸ್ಥಳವನ್ನು ಗುರುತಿಸಿ, ತೊಡೆಸಂದಿನ ರಕ್ತನಾಳದ ಮೂಲಕ ಲೋಹದ ಸುರುಳಿಯಿಟ್ಟು ಅದನ್ನು ಮುಚ್ಚಬಹುದು. ರೋಗಿಯ ಸ್ಥಿತಿ ತೀರ ವಿಷಮಿಸಿದರೆ ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಆದುದರಿಂದ ರಕ್ತ ಕಂಡೊಡನೆ, ಬೆಳಗಾಗಲೆಂದು ಕಾಯದೆ, ಚಿಕಿತ್ಸೆಯ ಕಾಗದಪತ್ರಗಳೊಡನೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.