ಸಿಮ್‌ಗೂ ಒಂದು ಬೀಗ

2016ರಲ್ಲಿ ಯುಪಿಐ ಬಂದ ಬಳಿಕ ಮೊಬೈಲ್ ಎಂಬುದು ಮಲೆನಾಡಿನ ಕೃಷಿಕರಿಗೆ ಮಾತನಾಡುವ ಸಾಧನವಾಗಿ ಮಾತ್ರ ಉಳಿದಿಲ್ಲ. ಅಡಿಕೆ ಮಾರಿದ ಹಣ, ಡೇರಿಯ ಹಾಲಿನ ಹಣ, ಬೆಳೆವಿಮೆಯ ಪರಿಹಾರ ಜಮೆಯಾಗುವ ಖಾತೆಗೆ ಅದೇ ಬಾಗಿಲು. ಈ ಬಾಗಿಲಿಗೆ ಪರದೆಯ ಬೀಗವೊಂದನ್ನು ಹಾಕಿ ನಿಶ್ಚಿಂತರಾಗಿರುವವರೇ ಹೆಚ್ಚು.

ಆದರೆ ಪರದೆಯ ಬೀಗ ಕಾಯುವುದು ಮೊಬೈಲನ್ನು, ಸಿಮ್ಮನ್ನಲ್ಲ. ಕದ್ದವನು ಸಿಮ್ ಕಳಚಿ ಬೇರೊಂದು ಮೊಬೈಲಿಗೆ ಹಾಕಿದರೆ ಬ್ಯಾಂಕಿನ ಒಟಿಪಿ ಅವನಿಗೇ ಬರುತ್ತದೆ. ಮೊಬೈಲಿನ ಕವರಿನೊಳಗೆ ಎಟಿಎಂ ಕಾರ್ಡನ್ನೋ ಆಧಾರ್ ಕಾರ್ಡನ್ನೋ ಸಿಕ್ಕಿಸಿಡುವ ರೂಢಿ ಬೇರೆ! ಆಧಾರ್ ಮತ್ತು ಒಟಿಪಿಯ ನೆರವಿನಿಂದ ಯುಪಿಐ ಪಿನ್ ಹೊಸದಾಗಿ ಇಡಲು ಅವಕಾಶವಿರುವಾಗ ಇದು ಕಳ್ಳನಿಗೆ ಕೀಲಿಕೈಯನ್ನೂ ಕೊಟ್ಟಂತೆಯೇ ಸರಿ.

ಪೇಟೆಯವರಾದರೆ ಪಕ್ಕದವರ ಮೊಬೈಲಿನಿಂದ ಕಂಪನಿಗೆ ತಿಳಿಸಿ ಸಿಮ್ಮನ್ನು ತಕ್ಷಣ ಸ್ಥಗಿತಗೊಳಿಸಬಹುದು. ಬಸ್ಸಿಳಿದು ಎರಡು ಮೈಲಿ ನಡೆದು ಮನೆ ಸೇರುವವರಿಗೆ, ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದವರಿಗೆ, ಮಳೆಗಾಲದಲ್ಲಿ ವಿದ್ಯುತ್ತಿನೊಡನೆ ಟವರೂ ಸ್ತಬ್ಧವಾಗುವ ಊರಿನವರಿಗೆ ಅದು ಸಾಧ್ಯವಿಲ್ಲ. ದೂರು ತಲುಪುವಷ್ಟರಲ್ಲಿ ಒಂದು ರಾತ್ರಿ ಕಳೆದಿರುತ್ತದೆ. ಆದ್ದರಿಂದಲೇ ಸಿಮ್ಮಿನ ಸ್ವಂತ ಬೀಗ ಪೇಟೆಗಿಂತ ಹಳ್ಳಿಗೆ ಹೆಚ್ಚು ಅಗತ್ಯ.

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಎಂದು ಹುಡುಕಿದರೆ ಇದು ಸಿಗುತ್ತದೆ. ಪಿನ್ 4ರಿಂದ 8 ಅಂಕಿಗಳದ್ದು. ಬೀಗ ಹಾಕಿದ ಮೇಲೆ ಮೊಬೈಲ್ ಆಫ್ ಆಗಿ ಆನ್ ಆದಾಗಲೆಲ್ಲ, ಸಿಮ್ ಬೇರೆ ಮೊಬೈಲಿಗೆ ಹೋದಾಗಲೂ, ಆ ಸಂಖ್ಯೆ ಕೊಡದೆ ಸಿಮ್ ಕೆಲಸ ಮಾಡದು. ಮೊದಲ ಸಲ ಕಂಪನಿಯೇ ಇಟ್ಟಿರುವ ಮೂಲ ಪಿನ್ ಕೇಳುತ್ತದೆ. ಇಲ್ಲಿ ಊಹೆ ಕೂಡದು. 3 ಸಲ ತಪ್ಪಿದರೆ 8 ಅಂಕಿಯ ಪಿಯುಕೆ ಸಂಖ್ಯೆ ಬೇಕು. ಅದೂ 10 ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ನಿರುಪಯುಕ್ತ. ಕಂಪನಿಯ ಸಹಾಯವಾಣಿಯಲ್ಲಿ ಮೂಲ ಪಿನ್ ಕೇಳಿ ತಿಳಿದು, ಬೀಗ ಹಾಕಿ, ಅನಂತರ ತಮ್ಮದೇ ಸಂಖ್ಯೆಗೆ ಬದಲಿಸಿಕೊಳ್ಳುವುದು ಕ್ರಮ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆಬೇರೆಯಾಗಿ ಹಾಕಬೇಕು.

ಹಾಗೆಂದು ಪರದೆಯ ಬೀಗವನ್ನು ಕೈಬಿಡುವಂತಿಲ್ಲ. ಮೊಬೈಲ್ ಆಫ್ ಆಗದಿರುವವರೆಗೆ ಸಿಮ್ ತೆರೆದೇ ಇರುತ್ತದೆ. ಆಗ ಕಾಯುವುದು ಪರದೆಯ ಬೀಗವೇ. ಗೆರೆ ಎಳೆಯುವ ಪ್ಯಾಟರ್ನನ್ನು ಬೆರಳಿನ ಜಿಡ್ಡಿನ ಗುರುತಿನಿಂದ ಪತ್ತೆಹಚ್ಚಬಹುದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲೇ ತೋರಿಸಿದ್ದರು. ಅಡಿಕೆ ಸುಲಿದ ಕೈಯ ಗುರುತು ಓದಲು ಸಂಶೋಧಕರೂ ಬೇಕಾಗಿಲ್ಲ. 4 ಅಂಕಿಯ ಸಂಖ್ಯೆಯಲ್ಲಿ 10,000 ಸಾಧ್ಯತೆಗಳಿದ್ದರೆ 6 ಅಂಕಿಯದರಲ್ಲಿ 10 ಲಕ್ಷ. ಹುಟ್ಟಿದ ವರ್ಷವನ್ನೇ ಇಟ್ಟರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಕ್ಕಣೆ ಕಾಣದಂತೆಯೂ ಮಾಡಬೇಕು, ಇಲ್ಲವಾದರೆ ಒಟಿಪಿ ಬೀಗದ ಮೇಲೆಯೇ ಬರೆದಿರುತ್ತದೆ. ಆಪತ್ತಿನಲ್ಲಿ ಬೀಗ ಅಡ್ಡಿಯಾದೀತೆಂಬ ಹಿರಿಯರ ಅಂಜಿಕೆಗೆ ಕಾರಣವಿಲ್ಲ. ಪರದೆ ತೆರೆಯದೆಯೂ 112ಕ್ಕೆ ಕರೆ ಮಾಡಬಹುದು.

*#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಕಾಣಿಸುತ್ತದೆ. ವಿದ್ಯಾರ್ಥಿಗಳು ಮನೆಯವರೆಲ್ಲರ ಮೊಬೈಲಿನ ಈ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಲಿ. ಮೊಬೈಲ್ ಕಳೆದರೆ ಪೊಲೀಸರಿಗೆ ದೂರಿತ್ತು, ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ಯ ಮೂಲಕ ಅದನ್ನು ಎಲ್ಲ ಕಂಪನಿಗಳ ಜಾಲದಲ್ಲೂ ನಿರ್ಬಂಧಿಸಲು ಅದು ಬೇಕಾಗುತ್ತದೆ. ಹಣವೇ ಹೋಗಿದ್ದರೆ ಮೊದಲ ಕರೆ 1930ಕ್ಕೆ.