ಸದ್ದಿನ ಹಲಗೆಯೂ ಡೆಸಿಬೆಲ್ಲಿನ ಲೆಕ್ಕವೂ
ಚಪ್ಪಾಳೆ ತಟ್ಟಿದೊಡನೆ ದೀಪ ಹೊತ್ತಿಕೊಳ್ಳುವ ಆಟಿಕೆಯನ್ನು ಮಾಡುವ ಹುಮ್ಮಸ್ಸು ಈಚೆಗೆ ನಮ್ಮ ಕಾಸರಗೋಡಿನ ಕಡೆಯ ಮಕ್ಕಳಲ್ಲಿ ಬೆಳೆದಿದೆ. ಸಂತೋಷದ ವಿಷಯವೇ. ಅದಕ್ಕೆ ಬೇಕಾದ ಧ್ವನಿ ಸಂವೇದಕವು, ಎಂದರೆ ಅಂಗಡಿಯವರು 'ಸೌಂಡ್ ಸೆನ್ಸರ್' ಎಂದು ಕೊಡುವ ಪುಟ್ಟ ಹಲಗೆಯು, ದುಬಾರಿಯದೇನೂ ಅಲ್ಲ. ಆದರೆ ಯಾವ ತಂತಿಯನ್ನು ಎಲ್ಲಿಗೆ ಜೋಡಿಸಬೇಕೆಂದು ತಿಳಿದವರಿಗೂ ಅದು ಏನನ್ನು ಕೇಳುತ್ತದೆ, ಏನನ್ನು ಕೇಳಲಾರದು ಎಂಬುದು ತಿಳಿದಿರುವುದಿಲ್ಲ. ಈ ಬಾರಿ ಅದನ್ನೇ ಬಿಡಿಸಿ ಹೇಳಲು ಹೊರಟಿದ್ದೇವೆ. ಹೀಗೆ ಹೊರಡಲು ಒಂದು ಕಾರಣವೂ ಉಂಟು. ಅದು ಮುಂದೆ ಬರುತ್ತದೆ.

ಹಲಗೆಯ ತುದಿಯಲ್ಲಿ ಬೆಳ್ಳಿಯ ಗುಂಡಿಯಂತೆ ಕಾಣುವುದು ಎಲೆಕ್ಟ್ರೆಟ್ ಮೈಕು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬ ವಿಜ್ಞಾನಿಗಳು ಈ ಬಗೆಯ ಮೈಕನ್ನು ರೂಪಿಸಿದರು. ಅದರೊಳಗಿನ ತೆಳುಪೊರೆಯು ಸದ್ದಿಗೆ ಅದುರಿದಾಗ ಅತ್ಯಲ್ಪ ವಿದ್ಯುತ್ ಏರಿಳಿತ ಹುಟ್ಟುತ್ತದೆ. ಪಕ್ಕದಲ್ಲಿರುವ ಎಂಟು ಕಾಲಿನ ಕಪ್ಪು ಚಿಪ್ಪು ಸಾಮಾನ್ಯವಾಗಿ ಎಲ್‌ಎಂ 393 ಆಗಿರುತ್ತದೆ. ಇದು ಸದ್ದನ್ನು ಹಿಗ್ಗಿಸುವುದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಎರಡು ವೋಲ್ಟೇಜುಗಳನ್ನು ಹೋಲಿಸಿ ಯಾವುದು ಹೆಚ್ಚೆಂದು ಹೇಳುವುದಷ್ಟೇ ಇದರ ಕೆಲಸ. ನೀಲಿ ಪೆಟ್ಟಿಗೆಯ ಮೇಲಿನ ಹಿತ್ತಾಳೆಯ ಸ್ಕ್ರೂ ತಿರುಗಿಸಿ ನಾವು ಗೆರೆ ಎಳೆದು ಕೊಡಬೇಕು; ಸದ್ದು ಆ ಗೆರೆಯನ್ನು ದಾಟಿತೋ ಇಲ್ಲವೋ ಎಂಬುದನ್ನು ಅದು ತಿಳಿಸುತ್ತದೆ. ಅಡಕೆ ತೋಟದ ಕಾವಲುನಾಯಿಯೂ ಹೀಗೆಯೇ, ಬೇಲಿ ದಾಟಿದವನ ಹೆಸರು ಕೇಳುವುದಿಲ್ಲ. ಕನ್ನಡ, ತುಳು, ಮಲಯಾಳ ಎಲ್ಲವೂ ಈ ಹಲಗೆಗೆ ಒಂದೇ. ಹಂಚಿನ ಮಾಡಿನ ಮೇಲೆ ಸುರಿಯುವ ಆಟಿಯ ಮಳೆಯೂ ಅದಕ್ಕೆ ಚಪ್ಪಾಳೆಯೇ!

ಆದುದರಿಂದ ಮೊದಲು ಮೌನವಾದ ಕೋಣೆಯಲ್ಲಿ ಸ್ಕ್ರೂವನ್ನು ಮೆಲ್ಲನೆ ತಿರುಗಿಸಿ, ಹಲಗೆಯ ಎರಡನೆಯ ದೀಪವು ಆಗಷ್ಟೇ ಆರುವ ಅಂಚಿನಲ್ಲಿ ನಿಲ್ಲಿಸಬೇಕು. ಚಪ್ಪಾಳೆಯ ಸದ್ದು ಸೆಕೆಂಡಿನ ಸಾವಿರದ ಕೆಲವೇ ಅಂಶದಷ್ಟು ಕಾಲ ತೀವ್ರವಾಗಿರುತ್ತದೆ. ಆರ್ಡುಯಿನೋ ಬೋರ್ಡಿಗೆ ಬರೆದ ಕ್ರಮದಲ್ಲಿ ಒಂದು ಸೆಕೆಂಡು ಸುಮ್ಮನಿರು ಎಂಬ ಆಜ್ಞೆಯಿದ್ದರೆ ಅದು ನಿದ್ರಿಸುತ್ತಿರುವಾಗಲೇ ಚಪ್ಪಾಳೆ ಬಂದು ಹೋಗಿರುತ್ತದೆ. ಇನ್ನೊಂದು ತಮಾಷೆಯುಂಟು. ರಿಲೇಯನ್ನು ಹಲಗೆಯ ಪಕ್ಕದಲ್ಲೇ ಇಟ್ಟರೆ ರಿಲೇಯ 'ಟಿಕ್' ಸದ್ದನ್ನೇ ಹಲಗೆಯು ಮತ್ತೊಂದು ಚಪ್ಪಾಳೆಯೆಂದು ಬಗೆದು, ಹೊತ್ತಿಸಿದ ದೀಪವನ್ನು ತಾನೇ ಆರಿಸುವುದುಂಟು. ಒಮ್ಮೆ ಕೇಳಿದ ಮೇಲೆ ಸೆಕೆಂಡಿನ ಐದನೆಯ ಒಂದು ಭಾಗ ಕಿವುಡಾಗಿರುವಂತೆ ಬೋರ್ಡಿಗೆ ಹೇಳಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಮಕ್ಕಳು 5 ವೋಲ್ಟಿನ ಪುಟ್ಟ ದೀಪಕ್ಕೇ ತೃಪ್ತರಾಗಬೇಕು. ಮನೆಯ 230 ವೋಲ್ಟಿನ ತಂತಿಗೆ ಕೈಹಾಕಕೂಡದು. ಈ ಮಾತಿನಲ್ಲಿ ನಮಗೆ ರಿಯಾಯಿತಿಯಿಲ್ಲ.

ಇನ್ನು ಆ ಕಾರಣ. ಪರೀಕ್ಷೆಯ ದಿನಗಳಲ್ಲಿ ಸಮೀಪದ ಧ್ವನಿವರ್ಧಕದಿಂದ ಓದಿಗೆ ತೊಂದರೆಯಾಗುತ್ತದೆಂದು ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳು ಮನವಿಯೊಂದನ್ನು ಬರೆದು, ಅದರಲ್ಲಿ 'ಸದ್ದು 700 ಇತ್ತು' ಎಂದು ನಮೂದಿಸಿದ್ದರು. ಈ 700 ಎಲ್ಲಿಂದ ಬಂತು? ಆರ್ಡುಯಿನೋ ಊನೋ ಬೋರ್ಡು 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಹಂಚುತ್ತದೆ. 700 ಎಂಬುದು ಆ ಕ್ಷಣದ ವೋಲ್ಟೇಜು ನಿಂತಿದ್ದ ಮೆಟ್ಟಿಲು, ಸುಮಾರು 3.4 ವೋಲ್ಟು. ಅದು ಡೆಸಿಬೆಲ್ ಅಲ್ಲ. ಮೌನದಲ್ಲಿಯೂ ಅಂಕಿ ಸೊನ್ನೆಗಿಳಿಯಬೇಕೆಂದಿಲ್ಲ. ಸ್ಕ್ರೂ ತಿರುಗಿಸಿದರೆ ಅದೂ ಬದಲಾಗಬಹುದು. ಡೆಸಿಬೆಲ್ಲಿನ ಲೆಕ್ಕವೇ ಬೇರೆ. ಧ್ವನಿಯ ಒತ್ತಡ ಇಮ್ಮಡಿಯಾದರೆ ಅದರಲ್ಲಿ ಏರುವುದು 6 ಮಾತ್ರ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ಮೌನವಲಯಕ್ಕೆ ಹಗಲು 50 ಡೆಸಿಬೆಲ್ ಎಂದು ಮಿತಿ ಗೊತ್ತುಮಾಡಿವೆ. ಅದನ್ನು ಅಳೆಯಲು ತಾಳೆ ನೋಡಿದ ಮಾಪಕವೇ ಬೇಕು. ಮಕ್ಕಳ ದೂರು ನ್ಯಾಯವಾದದ್ದೇ. ಆದರೆ ತಿಳಿದವರೊಬ್ಬರು ಈ ಅಂಕಿಯನ್ನು ನೋಡಿ ನಕ್ಕರೆ ದೂರೂ ಅದರೊಂದಿಗೆ ಬಿದ್ದುಹೋಗುತ್ತಿತ್ತು.

ಹಾಗೆಂದು ಹಲಗೆಯನ್ನು ಮೂಲೆಗೆಸೆಯಬೇಕಾಗಿಲ್ಲ. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಕಾಲ ಬಿಡದೆ ಓದಿ, ಅತಿ ದೊಡ್ಡ ಅಂಕಿಯಿಂದ ಅತಿ ಚಿಕ್ಕದನ್ನು ಕಳೆದರೆ ಸದ್ದಿನ ಏರಿಳಿತದ ಅಂದಾಜು ದೊರೆಯುತ್ತದೆ. ವರ್ಧಕವಿರುವ ಮ್ಯಾಕ್ಸ್ 4466 ಹಲಗೆಯಾದರೆ ಮೆಲುದನಿಯೂ ಸಿಕ್ಕೀತು. ಸ್ಕ್ರೂ ಮುಟ್ಟದೆ, ಒಂದೇ ಕಿಟಕಿಯ ಬಳಿಯಿಟ್ಟು, ಗಂಟೆಗೊಮ್ಮೆ ಬರೆದಿಟ್ಟರೆ ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ಎಂಬುದನ್ನು ಹೇಳಬಹುದು. ಮಕ್ಕಳು ಮನವಿಯಿಂದ 700ನ್ನು ಹೊಡೆದುಹಾಕಿ, ಸದ್ದು ಇದ್ದ ದಿನ ಮತ್ತು ವೇಳೆಗಳನ್ನು ಬರೆದು, ಅಧಿಕಾರಿಗಳೇ ಮಾಪಕ ತಂದು ಅಳೆಯಬೇಕೆಂದು ಕೇಳಿಕೊಂಡಿದ್ದಾರೆ. ಕನ್ನಡದಲ್ಲೊಂದು, ಮಲಯಾಳದಲ್ಲೊಂದು, ಹೀಗೆ ಎರಡು ಪ್ರತಿಗಳು ಪಂಚಾಯತಿಗೆ ಹೋಗಿವೆ.